ಹೆಸರು ಬರೆದಿಟ್ಟ ಅರ್ಧ ಸಿರಿಂಜ್

ತಂಗಿಯ ಫೋನ್ ಬಂದಾಗ ಆ ದಿನದ ಕಲ್ಚರ್ ಪ್ಲೇಟುಗಳನ್ನು, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳನ್ನು, ನೋಡುವ ಕೆಲಸ ಅರ್ಧ ಮುಗಿದಿತ್ತು. ಗ್ಲೌಸ್ ಕಳಚಿ, ಕೈ ತೊಳೆದು, ಕಾರಿಡಾರಿಗೆ ಬಂದು ಫೋನ್ ಎತ್ತಿಕೊಂಡೆ.

"ಅಕ್ಕ, ಹೋದ ಸಲ ಕೆನ್ನೆಗೆ ಫಿಲ್ಲರ್ ಹಾಕಿದ್ರಲ್ಲ, ಅದರಲ್ಲಿ ಸ್ವಲ್ಪ ಉಳಿದಿತ್ತು. ನನ್ನ ಹೆಸರು ಬರೆದು ಫ್ರಿಜ್ಜಲ್ಲಿ ಇಟ್ಟಿದ್ದಾರಂತೆ. ಈಗ ಟಚ್ ಅಪ್‌ಗೆ ಅದನ್ನೇ ಹಾಕ್ತೀವಿ, ಹೊಸದು ತಗೊಳ್ಳೋದು ಬೇಡ ಅಂತಿದ್ದಾರೆ. ಹಾಕಿಸ್ಕೊಳ್ಲಾ?"

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅದನ್ನ ಬೇರೆ ಯಾರಿಗಾದ್ರೂ ಹಾಕಿದ್ದಾರಾ?"

"ಇಲ್ಲ, ನಂದೇ ಅದು. ಹೆಸರಿದೆ ಅದರ ಮೇಲೆ."

"ನಿಂದೇ ಆದ್ರೆ ಪರವಾಗಿಲ್ಲ ಬಿಡು," ಅಂದೆ. ವಾಪಸ್ ಒಳಗೆ ಹೋಗಿ ಉಳಿದ ಪ್ಲೇಟುಗಳನ್ನು ನೋಡಿದೆ.

14 ವರ್ಷದಿಂದ ನಾನು ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕೀವು, ಕಫ, ಮೂತ್ರ, ರಕ್ತ ಇವುಗಳಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಒಂದು ನಿಮಿಷ ನಿಂತು ಯೋಚಿಸಿದ್ದರೂ ಆ ಉತ್ತರ ಕೊಡುತ್ತಿರಲಿಲ್ಲ. ತಂಗಿ ಇನ್ನೊಬ್ಬರನ್ನು ಕೇಳಿದ್ದರೆ ಅವರಿಗೆ ಗೊತ್ತಿರಲಿಲ್ಲ ಎಂದು ಸುಮ್ಮನಾಗಬಹುದಿತ್ತು. ಅವಳು ಕೇಳಿದ್ದು ನನ್ನನ್ನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಹೆಸರು, ಊರು, ಕ್ಲಿನಿಕ್ ಯಾವುದೂ ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ಫಿಲ್ಲರ್ ಅಂದರೆ ಗುಳಿ ತುಂಬಲು ಚರ್ಮದ ಕೆಳಗೆ ಚುಚ್ಚುವ ಜೆಲ್. ಮೊದಲ ಸಲ ಅವಳು ಅದನ್ನು ಹಾಕಿಸಿಕೊಂಡಿದ್ದು ಕೆನ್ನೆಯ ಮೇಲಿನ ಹಳೆಯ ಮೊಡವೆ ಗುಳಿಗಳಿಗೆ. 1 ಮಿಲಿ ಸಿರಿಂಜಿನಲ್ಲಿ ಸುಮಾರು 0.6 ಮಿಲಿ ಖರ್ಚಾಗಿತ್ತು. ಉಳಿದ 0.4 ಮಿಲಿ ಇದ್ದ ಸಿರಿಂಜಿಗೆ ಮುಚ್ಚಳ ಹಾಕಿ, ಮೇಲೆ ಪೆನ್ನಿನಲ್ಲಿ ಅವಳ ಹೆಸರು ಬರೆದು ಇಟ್ಟಿದ್ದರು. ಅದನ್ನು ಮತ್ತೆ ಹೊರಗೆ ತೆಗೆದಿದ್ದು ಐದು ತಿಂಗಳ ನಂತರ. ಹೊಸ ಸೂಜಿ ಹಾಕಿ, ಅವಳ ಕಣ್ಣೆದುರೇ ಆ ಸೂಜಿಯ ಪ್ಯಾಕೆಟ್ ಹರಿದು, ಎಡಗೆನ್ನೆಗೆ ಚುಚ್ಚಿದರು. ಹೊಸ ಸೂಜಿ ನೋಡಿ ಅವಳಿಗೆ ಧೈರ್ಯ ಬಂದಿತ್ತಂತೆ.

ಈ ಹೊಸ ಸೂಜಿಯ ವಿಷಯ ಮೊದಲು ಹೇಳಬೇಕು, ಯಾಕೆಂದರೆ ಎಲ್ಲರೂ ಸಮಾಧಾನ ಮಾಡಿಕೊಳ್ಳುವುದು ಅಲ್ಲೇ. ಸೂಜಿ ಚರ್ಮದೊಳಗೆ ಇರುವಾಗ ಸೂಜಿ, ಸಿರಿಂಜಿನ ಮೂತಿ, ಒಳಗಿನ ಜೆಲ್ ಎಲ್ಲಾ ಸೇರಿ ಒಂದೇ ಕೊಳವೆ. ವೈದ್ಯರು ಸೂಜಿಯ ತುದಿ ರಕ್ತನಾಳದಲ್ಲಿ ಇದೆಯೇ ಎಂದು ನೋಡಲು ಪ್ಲಂಜರನ್ನು ಹಿಂದಕ್ಕೆ ಎಳೆಯುತ್ತಾರೆ. ರಕ್ತ ಬರುತ್ತದೆಯೇ ಎಂದು ನೋಡುವುದೇ ಅದರ ಉದ್ದೇಶ. ಅಂದಮೇಲೆ ಹಿಂದಕ್ಕೆ ಬರುವ ದಾರಿ ತೆರೆದೇ ಇದೆ. ಎಳೆಯದಿದ್ದರೂ, ಹೆಬ್ಬೆರಳಿನ ಒತ್ತಡ ಸಡಿಲಾದ ಕ್ಷಣ ತುದಿಯಲ್ಲಿರುವ ದ್ರವ ಒಂಚೂರು ಒಳಗೆ ಸರಿಯಬಹುದು. ಕಣ್ಣಿಗೆ ಕಾಣುವಷ್ಟು ಇರಬೇಕಾಗಿಲ್ಲ. ಆಮೇಲೆ ಸೂಜಿಯನ್ನು ಎಸೆದರೂ ಮೂತಿಯಲ್ಲಿ ಸೇರಿಕೊಂಡದ್ದು ಅಲ್ಲೇ ಉಳಿಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2009ರಲ್ಲಿ 'ಒಂದು ಸೂಜಿ, ಒಂದು ಸಿರಿಂಜ್, ಒಂದೇ ಸಲ' ಎಂಬ ಪ್ರಚಾರ ಶುರು ಮಾಡಿದ್ದು ಇದಕ್ಕೇ. ಸೂಜಿ ಬದಲಿಸಿದರೆ ಸಿರಿಂಜ್ ಶುದ್ಧವಾಗುತ್ತದೆ ಎಂದು ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರೇ ನಂಬಿಕೊಂಡಿದ್ದರು. ಅದಕ್ಕೂ ಒಂದು ವರ್ಷ ಮೊದಲು ಲಾಸ್ ವೇಗಸ್‌ನಲ್ಲಿ ಹೆಪಟೈಟಿಸ್ ಸಿ ಹರಡಿದ್ದು ಬೆಳಕಿಗೆ ಬಂದಿತ್ತು. ಅಲ್ಲಿ ಒಬ್ಬ ರೋಗಿಗೆ ಬಳಸಿದ ಸಿರಿಂಜಿಗೆ ಹೊಸ ಸೂಜಿ ಹಾಕಿ, ಅದರಿಂದಲೇ ಮತ್ತೆ ಅರಿವಳಿಕೆಯ ಬಾಟಲಿಯಿಂದ ಔಷಧ ತೆಗೆಯುತ್ತಿದ್ದರು. ಅದೇ ಬಾಟಲಿಯ ಉಳಿದ ಔಷಧ ಮುಂದಿನ ರೋಗಿಗೆ ಹೋಗುತ್ತಿತ್ತು. ಪರೀಕ್ಷೆ ಮಾಡಿಸಿಕೊಳ್ಳಿ ಎಂದು 60,000ಕ್ಕೂ ಹೆಚ್ಚು ಜನರಿಗೆ ತಿಳಿಸಬೇಕಾಯಿತು.

ತಂಗಿಯ ವಿಷಯದಲ್ಲಿ ಇನ್ನೊಬ್ಬರ ರಕ್ತದ ಪ್ರಶ್ನೆ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಾದರೂ ಸಿರಿಂಜಿನಲ್ಲಿ ಇದ್ದದ್ದು ಏನು? ಅವಳದೇ ಚರ್ಮದ ಬ್ಯಾಕ್ಟೀರಿಯಾ, ಅವಳದೇ ಅಂಗಾಂಶದ ದ್ರವ, ಜೊತೆಗೆ ಆ ಕೋಣೆಯಲ್ಲಿ ಸಿರಿಂಜಿನ ಮೂತಿಗೆ ತಾಗಿದ ಏನು ಬೇಕಾದರೂ. ನಾನು ಫೋನಿನಲ್ಲಿ ಯೋಚಿಸಿದ್ದು ವೈರಸ್‌ಗಳ ಬಗ್ಗೆ ಮಾತ್ರ. ಬೇರೆಯವರಿಗೆ ಬಳಸಿಲ್ಲ ಎಂದರೆ ಎಚ್ಐವಿ ಇಲ್ಲ, ಹೆಪಟೈಟಿಸ್ ಇಲ್ಲ, ಮುಗಿಯಿತು. ಬೆಳೆಯುವ ಜೀವಿಗಳನ್ನು ದಿನಾ ನೋಡುವವಳು ಬೆಳೆಯುವ ಜೀವಿಗಳನ್ನೇ ಮರೆತಿದ್ದೆ.

ಮುಖದ ಚರ್ಮವನ್ನು ಎಷ್ಟೇ ಒರೆಸಿದರೂ ಪೂರ್ತಿ ಕ್ರಿಮಿಶುದ್ಧ ಆಗುವುದಿಲ್ಲ. ಸ್ಪಿರಿಟ್ ಮೇಲಿನದನ್ನು ಕೊಲ್ಲುತ್ತದೆ. ರೋಮದ ಬುಡದಲ್ಲಿ, ಎಣ್ಣೆಗ್ರಂಥಿಯ ಒಳಗೆ ಕೂತಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್, ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಮುಂತಾದವುಗಳಿಗೆ ಅದು ತಲುಪುವುದಿಲ್ಲ. ತುಟಿಗೆ ಹಾಕುವಾಗ ಬಾಯಿಯ ಬ್ಯಾಕ್ಟೀರಿಯಾಗಳೂ ಪಕ್ಕದಲ್ಲೇ ಇರುತ್ತವೆ. ಒಂದು ಸಲ ಹಾಕಿಸಿಕೊಳ್ಳುವಾಗಲೇ ಸೂಜಿ ಹತ್ತಾರು ಸಲ ಒಳಗೆ ಹೋಗಿ ಬರುತ್ತದೆ. ಆ ಹೊತ್ತಿಗೆ ಒಳಗೆ ಹೋಗುವ ನಾಲ್ಕಾರು ಬ್ಯಾಕ್ಟೀರಿಯಾವನ್ನು ಆರೋಗ್ಯವಂತರ ದೇಹ ಸಾಮಾನ್ಯವಾಗಿ ನಿಭಾಯಿಸುತ್ತದೆ. ಹಾಗಾಗಿಯೇ ಹೊಸ ಸಿರಿಂಜಿನಿಂದ ಹಾಕಿಸಿಕೊಂಡ ಹೆಚ್ಚಿನವರಿಗೆ ಸೋಂಕಾಗುವುದಿಲ್ಲ. ಅವೇ ನಾಲ್ಕಾರು ಬ್ಯಾಕ್ಟೀರಿಯಾಗಳಿಗೆ ಐದು ತಿಂಗಳು ಸಮಯ ಕೊಟ್ಟು, ಆಮೇಲೆ ಒಟ್ಟಿಗೆ ಒಳಗೆ ತಳ್ಳಿದರೆ ಲೆಕ್ಕವೇ ಬೇರೆ.

ಇನ್ನು ಆ ಜೆಲ್. ಹೆಚ್ಚಿನ ಫಿಲ್ಲರ್‌ಗಳು ಹೈಲುರಾನಿಕ್ ಆಮ್ಲದಿಂದ ಮಾಡಿದವು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣುಗುಡ್ಡೆಯ ಒಳಗಿನ ಪಾರದರ್ಶಕ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಇರುವುದೂ ಇದೇ, ಸಕ್ಕರೆಯ ಅಣುಗಳ ಉದ್ದನೆಯ ಸರಪಳಿ. ಚರ್ಮದಲ್ಲಿ ಸಹಜವಾಗಿರುವ ಹೈಲುರಾನಿಕ್ ಆಮ್ಲ ಒಂದೆರಡು ದಿನದಲ್ಲೇ ಕರಗಿ ಹೋಗುತ್ತದೆ. ಹಾಗಾಗಿ ಫಿಲ್ಲರ್‌ನಲ್ಲಿ ಆ ಸರಪಳಿಗಳನ್ನು ರಾಸಾಯನಿಕದಿಂದ ಒಂದಕ್ಕೊಂದು ಬೆಸೆದು ತಿಂಗಳುಗಟ್ಟಲೆ ಉಳಿಯುವಂತೆ ಮಾಡುತ್ತಾರೆ. ಈಗ ಕಾರ್ಖಾನೆಗಳಲ್ಲಿ ಇದನ್ನು ಬಹುಪಾಲು ತಯಾರಿಸುವುದೇ ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳಿಂದ. ಅದರಲ್ಲಿ ಅಪಾಯ ಏನಿಲ್ಲ, ಶುದ್ಧ ಮಾಡಿಯೇ ತುಂಬುತ್ತಾರೆ. ಆದರೆ ಬ್ಯಾಕ್ಟೀರಿಯಾಗಳಿಗೆ ಈ ವಸ್ತು ಹೊಸತಲ್ಲ. ಇದನ್ನು ಕಟ್ಟಬಲ್ಲವು ಇವೆ, ಒಡೆಯಬಲ್ಲವೂ ಇವೆ. ಸ್ಟೆಫೈಲೊಕಾಕಸ್ ಆರಿಯಸ್, ಹಲವು ಸ್ಟ್ರೆಪ್ಟೊಕಾಕಸ್‌ಗಳು ಹೈಲುರಾನಿಡೇಸ್ ಎಂಬ ಕಿಣ್ವ ಸುರಿಸಿ ಇದನ್ನು ಕತ್ತರಿಸುತ್ತವೆ. ಜೆಲ್ ಅಂದರೆ ಬಹುಪಾಲು ನೀರೇ. ನೀರು, ಸಕ್ಕರೆಯ ಸರಪಳಿ, ಮೇಲಿಂದ ಒಂದಿಷ್ಟು ಅಂಗಾಂಶದ ದ್ರವ. ನಾವು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲೆಂದು ಪ್ಲೇಟಿಗೆ ಸುರಿಯುವ ಮಾಧ್ಯಮವನ್ನು ನೆನೆಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಯಾವ ರಕ್ಷಕ ವಸ್ತುವೂ ಇರುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಲವು ಫಿಲ್ಲರ್‌ಗಳಲ್ಲಿ ನೋವು ಕಡಿಮೆ ಮಾಡಲು 0.3% ಲಿಡೊಕೇನ್ ಬೆರೆಸಿರುತ್ತಾರೆ. ಅದು ಇದ್ದರೆ ಕೆಡುವುದಿಲ್ಲ ಎಂದು ತಂಗಿಗೆ ಕ್ಲಿನಿಕ್ಕಿನಲ್ಲಿ ಯಾರೋ ಹೇಳಿದ್ದರು. ಲಿಡೊಕೇನ್ ಇರುವುದು ಮರಗಟ್ಟಿಸಲು, ಕಾಪಾಡಲು ಅಲ್ಲ. ಹಲವು ಸಲ ಬಳಸುವ ಇಂಜೆಕ್ಷನ್ ಬಾಟಲಿಗಳನ್ನು ನೋಡಿ. ಅವುಗಳಲ್ಲಿ ರಕ್ಷಕ ವಸ್ತು ಬೆರೆಸಿರುತ್ತಾರೆ, ಬಾಯಿಗೆ ರಬ್ಬರ್ ಬಿರಡೆ ಇರುತ್ತದೆ, ಪ್ರತಿ ಸಲವೂ ಹೊಸ ಸೂಜಿ ಮತ್ತು ಹೊಸ ಸಿರಿಂಜಿನಿಂದ ತೆಗೆಯಬೇಕು. ಇಷ್ಟೆಲ್ಲಾ ಇದ್ದೂ, ತಯಾರಕರು ಬೇರೆ ಅವಧಿ ಹೇಳದಿದ್ದರೆ, ಮೊದಲು ಚುಚ್ಚಿದ ದಿನದಿಂದ 28 ದಿನಕ್ಕೆ ಎಸೆಯಬೇಕು ಎಂಬ ನಿಯಮವನ್ನು ಆಸ್ಪತ್ರೆಗಳು ಪಾಲಿಸುತ್ತವೆ. ಇಲ್ಲಿ ಅಂಥ ಒಂದು ಏರ್ಪಾಡೂ ಇಲ್ಲದ, ಆಗಲೇ ಮುಖದೊಳಗೆ ಹೋಗಿ ಬಂದ ಸಿರಿಂಜನ್ನು ಐದು ತಿಂಗಳು ಇಟ್ಟಿದ್ದರು.

ಫ್ರಿಜ್‌ನಲ್ಲಿ ಇಟ್ಟಿದ್ದರಲ್ಲ ಎಂದು ಅಮ್ಮ ಕೇಳಿದಳು. ಫ್ರಿಜ್ ಎಂದರೆ ನಮಗೆಲ್ಲ ಕೆಡದಂತೆ ಕಾಯುವ ಜಾಗ. ನಮ್ಮ ಲ್ಯಾಬಿನಲ್ಲಿ ಮಾತ್ರ ಅದು ಬ್ಯಾಕ್ಟೀರಿಯಾಗಳನ್ನು ಜೀವಂತ ಇಡುವ ಜಾಗ. ಇವತ್ತು ಬೆಳೆದ ಪ್ಲೇಟನ್ನು 4 ಡಿಗ್ರಿಯಲ್ಲಿ ಇಟ್ಟರೆ ವಾರಗಳ ನಂತರವೂ ಅದರಿಂದ ಹೊಸ ಪ್ಲೇಟಿಗೆ ಹಚ್ಚಿ ಬೆಳೆಸಬಹುದು. ವರ್ಷಗಟ್ಟಲೆ ಬೇಕಿದ್ದರೆ ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ಚಳಿಗೆ ಹೆಚ್ಚಿನ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಧಾನವಾಗುತ್ತದೆ, ಕೆಲವು ಸಾಯುತ್ತವೆ, ಬಹಳಷ್ಟು ಕಾದು ಕೂರುತ್ತವೆ. ಕೆಲವು ಸೂಡೊಮೊನಾಸ್‌ಗಳಂಥವು ಆ ಚಳಿಯಲ್ಲೂ ಮೆಲ್ಲಗೆ ಬೆಳೆಯುತ್ತವೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹೆಚ್ಚಿನ ಫಿಲ್ಲರ್ ಡಬ್ಬಿಗಳ ಮೇಲೆ 25 ಡಿಗ್ರಿವರೆಗೆ ಇಡಬಹುದು ಎಂದೇ ಬರೆದಿರುತ್ತದೆ. ಒಡೆಯದ ಡಬ್ಬಿಗೆ ಫ್ರಿಜ್ಜೇ ಬೇಕಾಗಿಲ್ಲ. ಫ್ರಿಜ್ ಬೇಕಾಗುವುದು ಸುಕ್ಕು ಕಡಿಮೆ ಮಾಡಲು ಚುಚ್ಚುವ ಬೊಟಾಕ್ಸ್‌ನಂಥ ಟಾಕ್ಸಿನ್‌ಗಳಿಗೆ. ಅದು ಪುಡಿಯಾಗಿ ಬಾಟಲಿಯಲ್ಲಿ ಬರುತ್ತದೆ, ಸಲೈನಿನಲ್ಲಿ ಕಲಸಿದ ಮೇಲೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅದರ ನಿಯಮಗಳೇ ಬೇರೆ. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಕೈಯಿಂದ ಹಾಕುವುದರಿಂದ ಅದರ ಅಭ್ಯಾಸ ಇದಕ್ಕೂ ಅಂಟಿಕೊಂಡಿದೆ ಎಂಬುದು ನನ್ನ ಊಹೆ. ಫಿಲ್ಲರ್ ಡಬ್ಬಿಯ ಮೇಲೆ ತಯಾರಕರು ಹೇಳುವುದು ಒಬ್ಬರಿಗೆ, ಒಂದೇ ಸಲ, ಉಳಿದದ್ದನ್ನು ಎಸೆಯಿರಿ, ಮತ್ತೆ ಸ್ಟೆರಿಲೈಸ್ ಮಾಡಬೇಡಿ ಎಂದು. ಒಂದು ವೃತ್ತದೊಳಗೆ 2 ಎಂಬ ಅಂಕಿ, ಅದರ ಮೇಲೆ ಅಡ್ಡ ಗೆರೆ. ಜಗತ್ತಿನ ಯಾವ ಮೂಲೆಯಲ್ಲಿ ಮಾರಿದರೂ ಆ ಚಿಹ್ನೆಗೆ ಇರುವುದು ಒಂದೇ ಅರ್ಥ, ಎರಡನೇ ಸಲ ಬಳಸಬಾರದು.

ತಂಗಿಯ ಕೆನ್ನೆಗೆ ಮೊದಲ ಐದು ವಾರ ಏನೂ ಆಗಲಿಲ್ಲ. ನಾನೂ ಮರೆತಿದ್ದೆ. ಆರನೇ ವಾರ ಮುಖ ತೊಳೆಯುವಾಗ ಎಡಗೆನ್ನೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರ ಇಲ್ಲ. ಕ್ಲಿನಿಕ್ಕಿಗೆ ಹೋದಳು. ಜೆಲ್ ಒಂದು ಕಡೆ ಸೇರಿಕೊಂಡಿದೆ, ದಿನಕ್ಕೆ ಎರಡು ಸಲ ಬೆರಳಲ್ಲಿ ತಿಕ್ಕಿ ಎಂದರು. ಹತ್ತು ದಿನ ತಿಕ್ಕಿದಳು. ಗಂಟು ಕೆಂಪಾಯಿತು, ಮುಟ್ಟಿದರೆ ನೋಯತೊಡಗಿತು, ಪಕ್ಕದಲ್ಲಿ ಇನ್ನೊಂದು ಎದ್ದಿತು. ಮತ್ತೆ ಹೋದಾಗ ಅಲರ್ಜಿ ಇರಬೇಕು, ಸ್ಟಿರಾಯ್ಡ್ ಚುಚ್ಚೋಣ ಎಂದರು. ಆ ಸಂಜೆ ಅವಳು ಕೆನ್ನೆಯ ಫೋಟೊ ಕಳಿಸಿದಳು. ನೋಡುತ್ತಿದ್ದ ಹಾಗೆ ನನ್ನ ಕಿವಿಯಲ್ಲಿ ನನ್ನದೇ ದನಿ ಕೇಳಿಸಿತು.

ಸ್ಟಿರಾಯ್ಡ್ ಹಾಕಿಸಿಕೊಳ್ಳಬೇಡ ಎಂದೆ. ಸೋಂಕು ಇಲ್ಲ ಎಂದು ಖಾತ್ರಿ ಆಗುವ ಮೊದಲು ಆ ಜಾಗಕ್ಕೆ ಸ್ಟಿರಾಯ್ಡ್ ಹಾಕಿದರೆ ಅಲ್ಲಿನ ರೋಗನಿರೋಧಕ ಶಕ್ತಿಯ ಕೈ ಕಟ್ಟಿದ ಹಾಗೆ. ತಿಕ್ಕುವುದೂ ಹಾಗೆಯೇ, ಒಂದೆಡೆ ಇರುವ ಸೋಂಕನ್ನು ಸುತ್ತ ಹರಡಬಹುದು. ಚರ್ಮತಜ್ಞರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದೇ, "ಹಾಕಿದ್ದು ಹೊಸ ಸಿರಿಂಜಾ, ಇಟ್ಟಿದ್ದಾ?" ತಂಗಿ ನನ್ನ ಮುಖ ನೋಡಿದಳು. "ಇಟ್ಟಿದ್ದು ಡಾಕ್ಟ್ರೇ," ಅಂತ ನಾನೇ ಹೇಳಿದೆ.

ಗಂಟಿನಿಂದ ತೆಗೆದ ಕೀವನ್ನು ನಮ್ಮ ಲ್ಯಾಬಿಗೆ ಕಳಿಸಿದರು. ತಂಗಿಯ ಮಾದರಿಯನ್ನು ನಾನು ಮುಟ್ಟುವುದು ಸರಿಯಲ್ಲ, ಸಹೋದ್ಯೋಗಿ ನೋಡಿಕೊಂಡರು. 48 ಗಂಟೆ ಆಯಿತು, ಸಾಮಾನ್ಯ ಪ್ಲೇಟುಗಳಲ್ಲಿ ಏನೂ ಬೆಳೆಯಲಿಲ್ಲ. ಹೆಚ್ಚಿನ ಕೀವಿನ ಮಾದರಿಗಳಿಗೆ ವರದಿ ಅಲ್ಲಿಗೆ ಮುಗಿಯುತ್ತದೆ. ಬೆಳವಣಿಗೆ ಇಲ್ಲ ಎಂದು ಬರೆದು ಕಳಿಸುತ್ತೇವೆ, ಓದಿದವರು ಸೋಂಕಿಲ್ಲ ಎಂದುಕೊಳ್ಳುತ್ತಾರೆ. ಚರ್ಮತಜ್ಞರು ಮೊದಲೇ ಅರ್ಜಿಯ ಮೇಲೆ 'ಫಿಲ್ಲರ್ ನಂತರದ ಗಂಟು, ಪ್ಲೇಟು ಎಸೆಯಬೇಡಿ' ಎಂದು ಬರೆದಿದ್ದರು. ಆ ಒಂದು ಸಾಲಿಗೆ ನಾನು ಇವತ್ತಿಗೂ ಋಣಿ. ಸಹೋದ್ಯೋಗಿ ಒಂದು ಪ್ಲೇಟನ್ನು 37 ಡಿಗ್ರಿಯಲ್ಲೂ ಇನ್ನೊಂದನ್ನು 30 ಡಿಗ್ರಿಯಲ್ಲೂ ಇಟ್ಟರು. ಆರನೇ ದಿನ 30 ಡಿಗ್ರಿಯ ಪ್ಲೇಟಿನ ಮೇಲೆ ಸಾಸಿವೆಗಿಂತ ಚಿಕ್ಕ, ಮಾಸಲು ಬಿಳಿಯ ಕಾಲೊನಿಗಳು ಕಂಡವು. ಕ್ಷಯದ ಗುಂಪಿನ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಝೀಲ್ ನೀಲ್ಸನ್ ಬಣ್ಣ ಹಾಕಿ ನೋಡಿದರೆ ಕೆಂಪು ಕಡ್ಡಿಗಳು. ಮೈಕೊಬ್ಯಾಕ್ಟೀರಿಯಂ ಚೆಲೊನೆ.

ಕ್ಷಯದ ರೋಗಾಣುವಿನ ದೂರದ ಸಂಬಂಧಿ ಇದು. ಮನುಷ್ಯರಿಂದ ಮನುಷ್ಯರಿಗೆ ಕ್ಷಯದ ಹಾಗೆ ಹರಡುವುದಿಲ್ಲ. ನಲ್ಲಿ ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ, ಕ್ಲೋರಿನ್‌ಗೆ ಸುಲಭದಲ್ಲಿ ಬಗ್ಗುವುದಿಲ್ಲ. 30 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವುದರಿಂದ ದೇಹದ ಒಳಭಾಗಕ್ಕಿಂತ ತಂಪಾದ ಚರ್ಮ ಅದಕ್ಕೆ ಹಿತ. ಫಿಲ್ಲರ್ ಚುಚ್ಚಿದ ಜಾಗಗಳಲ್ಲಿ ಈ ಗುಂಪಿನ ಸೋಂಕು ಕಂಡುಬಂದಿರುವುದು ವೈದ್ಯರಿಗೆ ಗೊತ್ತಿರುವ ವಿಷಯ. ಸಾಮಾನ್ಯವಾಗಿ ಬರೆದುಕೊಡುವ ಅಮಾಕ್ಸಿಸಿಲಿನ್‌ನಂಥ ಮಾತ್ರೆಗಳಿಗೆ ಇದು ಮಣಿಯುವುದಿಲ್ಲ.

ಅದು ಆ ಇಟ್ಟಿದ್ದ ಸಿರಿಂಜಿನಿಂದಲೇ ಬಂತೆಂದು ನಾನು ಸಾಬೀತು ಮಾಡಲಾರೆ. ಸಿರಿಂಜನ್ನು ಆಗಲೇ ಎಸೆದಿದ್ದರು. ಚುಚ್ಚುವ ಮೊದಲು ಕೆನ್ನೆ ಮರಗಟ್ಟಲಿ ಎಂದು ಐಸ್ ಇಟ್ಟಿದ್ದರಂತೆ, ಅದು ನಲ್ಲಿ ನೀರಿನಿಂದ ಮಾಡಿದ ಐಸ್ ಆಗಿದ್ದರೆ ಅಲ್ಲಿಂದಲೂ ಬಂದಿರಬಹುದು. ಐದು ತಿಂಗಳ ಹಿಂದಿನ ಐಸೋ, ಆ ದಿನದ ಐಸೋ ಹೇಗೆ ಹೇಳುವುದು? ಕ್ಲಿನಿಕ್ಕಿನವರು ಇದನ್ನೇ ಹಿಡಿದುಕೊಂಡರು. "ನಾವು ಎಷ್ಟೋ ಜನಕ್ಕೆ ಹೀಗೆ ಇಟ್ಟು ಹಾಕಿದ್ದೇವೆ, ಯಾರಿಗೂ ಏನೂ ಆಗಿಲ್ಲ," ಎಂದರು.

ಆ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಹೆಚ್ಚಿನವರಿಗೆ ಏನೂ ಆಗದೆ ಇರಬಹುದು. ಆದರೆ ಗಂಟು ಏಳುವುದು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಆ ಹೊತ್ತಿಗೆ ಜನ ಬೇರೆ ವೈದ್ಯರ ಹತ್ತಿರ ಹೋಗಿರುತ್ತಾರೆ, ನನ್ನ ತಂಗಿಯ ಹಾಗೆ. ಅಲರ್ಜಿ ಎಂದು ಬರೆದ ಕಾಗದ ಹಿಡಿದು ಮನೆಯಲ್ಲಿ ಕೂತವರೂ ಇರುತ್ತಾರೆ. ಉಳಿದ ಜೆಲ್ಲನ್ನು ಕಲ್ಚರಿಗೆ ಹಾಕಿದೆವು, ಏನೂ ಬೆಳೆಯಲಿಲ್ಲ ಎಂದು ಹೇಳುವವರಿಗೂ ನನ್ನದೊಂದು ಉತ್ತರ ಇದೆ. ನೀವು ಹಾಕಿದ್ದು ಜೆಲ್ಲಿನ ಒಂದು ಹನಿ. ಕಾದಿದ್ದು ಎಷ್ಟು ದಿನ, ಎಷ್ಟು ಡಿಗ್ರಿಯಲ್ಲಿ, ಯಾವ ಮಾಧ್ಯಮದಲ್ಲಿ? ತಂಗಿಯ ಕೀವು 48 ಗಂಟೆಗೆ ಶುದ್ಧವಾಗಿಯೇ ಇತ್ತಲ್ಲ.

ಬಯೋಫಿಲ್ಮ್ ಎಂಬ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈ ಸಿಕ್ಕಿದರೆ ಅಂಟಿಕೊಂಡು, ತಾವೇ ಸುರಿಸಿದ ಲೋಳೆಯಲ್ಲಿ ಮುಚ್ಚಿಕೊಂಡು ಗುಂಪಾಗಿ ಬದುಕುತ್ತವೆ. ತೊಳೆಯದ ಸಿಂಕಿನ ಕೊಳವೆಯ ಒಳಗೆ ಜಾರುವ ಪದರ ಇರುತ್ತದಲ್ಲ, ಅದೇ. ಹಾಗೆ ಮುಚ್ಚಿಕೊಂಡ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬಿಡಿಬಿಡಿಯಾಗಿ ತೇಲುವವಕ್ಕೆ ಸಾಕಾಗುವ ಔಷಧದ ನೂರಾರು ಪಟ್ಟು, ಕೆಲವೊಮ್ಮೆ 1000 ಪಟ್ಟು ಬೇಕಾಗಬಹುದು. ರಕ್ತದ ಬಿಳಿಕಣಗಳಿಗೂ ಒಳಗೆ ನುಗ್ಗುವುದು ಕಷ್ಟ. ಫಿಲ್ಲರ್ ಜೆಲ್ಲಿನೊಳಗೆ ರಕ್ತನಾಳಗಳೇ ಇಲ್ಲ, ಆದ್ದರಿಂದ ನುಂಗಿದ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದೂ ಇಲ್ಲ. ಕಲ್ಚರಿಗೆ ತೆಗೆದರೆ ಲೋಳೆಯಲ್ಲಿ ಕೂತವು ಎಷ್ಟೋ ಸಲ ಹೊರಗೆ ಬರುವುದಿಲ್ಲ, ಪ್ಲೇಟು ಖಾಲಿ. ವೈದ್ಯರು ಆ್ಯಂಟಿಬಯಾಟಿಕ್ ಜೊತೆಗೆ ಹೈಲುರಾನಿಡೇಸ್ ಚುಚ್ಚಿ ಜೆಲ್ಲನ್ನೇ ಕರಗಿಸಿಬಿಡುವುದು ಇದೇ ಕಾರಣಕ್ಕೆ. ಮನೆ ಕೆಡವಿದರೆ ಒಳಗಿದ್ದವು ಬಯಲಿಗೆ ಬರುತ್ತವೆ. ಹೈಲುರಾನಿಕ್ ಆಮ್ಲದ ಫಿಲ್ಲರ್ ಆದ್ದರಿಂದ ಅದು ಸಾಧ್ಯವಾಯಿತು. ಈ ಕಿಣ್ವಕ್ಕೆ ಕರಗದ, ಬೇರೆ ವಸ್ತುಗಳಿಂದ ಮಾಡಿದ ಫಿಲ್ಲರ್‌ಗಳೂ ಇವೆ. ಅವುಗಳಲ್ಲಿ ಸೋಂಕಾದರೆ ಕೆಲವೊಮ್ಮೆ ಕೊಯ್ದು ತೆಗೆಯಬೇಕಾಗುತ್ತದೆ.

ತಂಗಿಗೆ ಚಿಕಿತ್ಸೆ ಐದು ತಿಂಗಳು ನಡೆಯಿತು. ಕ್ಲಾರಿಥ್ರೊಮೈಸಿನ್ ಜೊತೆಗೆ ಇನ್ನೊಂದು ಔಷಧ, ಎರಡು ಸಲ ಹೈಲುರಾನಿಡೇಸ್. ಬಾಯಿ ತುಂಬ ಲೋಹದ ರುಚಿ, ಹೊಟ್ಟೆ ತೊಳಸುವುದು, ಕನ್ನಡಿ ನೋಡದೆ ತಲೆ ಬಾಚುವುದು. ಮೊದಲಿದ್ದ ಗುಳಿಗಳು ವಾಪಸ್ ಬಂದವು. ಕೀವು ತೆಗೆದ ಕಡೆ ಅರ್ಧ ಇಂಚಿನ ಒಂದು ಗೀರು ಉಳಿಯಿತು. ಒಂದು ದಿನವೂ ನನ್ನನ್ನು ಬೈಯಲಿಲ್ಲ. "ನೀನು ಹೇಳಿದ್ದಕ್ಕೇ ಹಾಕಿಸ್ಕೊಂಡೆ ಅಂತೇನಿಲ್ಲ, ನೀನು ಬೇಡ ಅಂದಿದ್ರೂ ಹಾಕಿಸ್ಕೊಂಡಿರ್ತಿದ್ದೆ," ಅಂದಳು. ಅದು ನಿಜವಲ್ಲ. ಅವಳಿಗೂ ಗೊತ್ತು.

'ನಿಂದೇ ಆದ್ರೆ' ಎಂಬುದರಲ್ಲೂ ಒಂದು ತೊಡಕಿದೆ, ಅದು ನನಗೆ ಹೊಳೆದಿದ್ದು ಇನ್ನೂ ತಡವಾಗಿ. ಅವಳದೇ ಎನ್ನುವುದಕ್ಕೆ ಇದ್ದ ಆಧಾರ ಪೆನ್ನಿನಲ್ಲಿ ಬರೆದ ಒಂದು ಹೆಸರು. ಫ್ರಿಜ್ಜಿನ ತೇವಕ್ಕೆ ಶಾಯಿ ಅಳಿಸುತ್ತದೆ. ಒಂದೇ ಹೆಸರಿನ ಇಬ್ಬರು ಇರುತ್ತಾರೆ. ಒಂದೇ ಬ್ರ್ಯಾಂಡಿನ, ಒಂದೇ ಅಳತೆಯ, ಅರ್ಧ ಖಾಲಿಯಾದ ಹತ್ತು ಸಿರಿಂಜುಗಳು ಒಂದು ತಟ್ಟೆಯಲ್ಲಿ ಇದ್ದರೆ, ಗಡಿಬಿಡಿಯ ದಿನ ಕೈ ತಪ್ಪುವುದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಲ್ಯಾಬಿನಲ್ಲಿ ಪ್ರತಿ ಮಾದರಿಗೂ ಬಾರ್‌ಕೋಡ್ ಇದೆ, ಎರಡು ಗುರುತು ಹೊಂದಿಸದೆ ತೆಗೆದುಕೊಳ್ಳುವುದಿಲ್ಲ, ಆದರೂ ವರ್ಷಕ್ಕೆ ಒಂದೆರಡು ಸಲ ಅದಲುಬದಲು ಸಿಕ್ಕಿಬೀಳುತ್ತದೆ. ಕೈ ತಪ್ಪಿದರೆ ನಾನು ಫೋನಿನಲ್ಲಿ ತಳ್ಳಿಹಾಕಿದ್ದ ವೈರಸ್‌ಗಳೆಲ್ಲ ಮತ್ತೆ ಲೆಕ್ಕಕ್ಕೆ ಬರುತ್ತವೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕುತ್ತದೆ. ಹೆಪಟೈಟಿಸ್ ಸಿ ವೈರಸ್ ಸಿರಿಂಜಿನೊಳಗೆ 63 ದಿನಗಳವರೆಗೂ ಜೀವಂತ ಇದ್ದದ್ದನ್ನು 2010ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾವನ್ನು 2018ರಲ್ಲಿ ಮುಚ್ಚಿಸಿದಾಗ, ಅಲ್ಲಿನ ಅಡುಗೆಮನೆಯ ಫ್ರಿಜ್ಜಿನಲ್ಲಿ ಊಟದ ಜೊತೆಗೇ ಹೆಸರಿಲ್ಲದ ರಕ್ತದ ಟ್ಯೂಬುಗಳು, ಬೊಟಾಕ್ಸ್ ಮತ್ತು ಲಿಡೊಕೇನ್ ಸಿಕ್ಕಿದ್ದವು. ಪ್ಯಾಕೆಟ್ ಒಡೆದ ಸಿರಿಂಜುಗಳು ಡ್ರಾಯರುಗಳಲ್ಲಿ ಬಿದ್ದಿದ್ದವು. ಅಲ್ಲಿ ತಮ್ಮದೇ ರಕ್ತದಿಂದ ತೆಗೆದ ಪ್ಲಾಸ್ಮಾವನ್ನು ಮುಖಕ್ಕೆ ಚುಚ್ಚಿಸಿಕೊಳ್ಳುವ ಚಿಕಿತ್ಸೆ ಮಾಡಿಸಿಕೊಂಡವರಿಗೆ ಎಚ್ಐವಿ ಬಂದ ವರದಿಯನ್ನು ಸಿಡಿಸಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದು ಫಿಲ್ಲರ್ ಅಲ್ಲ, ನಿಜ. ಇಟ್ಟದ್ದು ಯಾರದು ಎಂದು ತಿಳಿಯದ ಫ್ರಿಜ್ಜು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಮಾತ್ರ ಹೇಳಿದೆ.

ಉಳಿಸಿ ಇಡುವವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಫಿಲ್ಲರ್ ದುಬಾರಿ. 0.4 ಮಿಲಿಯನ್ನು ಕಸಕ್ಕೆ ಹಾಕುವಾಗ ಕೊಟ್ಟವರಿಗೂ ತೆಗೆದುಕೊಂಡವರಿಗೂ ಹೊಟ್ಟೆ ಉರಿಯುತ್ತದೆ. ಎಷ್ಟೋ ಸಲ ಇಟ್ಟುಕೊಡಿ ಎಂದು ನಾವೇ ಕೇಳುತ್ತೇವೆ, ವೈದ್ಯರು ಬೇಡ ಅಂದರೆ ದುಡ್ಡು ಮಾಡುತ್ತಾರೆ ಎಂದುಕೊಳ್ಳುತ್ತೇವೆ. ಕೆಲವು ಬ್ರ್ಯಾಂಡುಗಳಲ್ಲಿ 0.5 ಮಿಲಿಯಂಥ ಚಿಕ್ಕ ಸಿರಿಂಜ್ ಬರುತ್ತದೆ, ಸ್ವಲ್ಪವೇ ಸಾಕಾಗುವವರು ಅದನ್ನು ಕೇಳಬಹುದು. ಉಳಿಯುವಷ್ಟನ್ನು ಅದೇ ದಿನ ಬೇರೆ ಕಡೆ ತುಂಬಿಸಿಬಿಡಿ ಎಂದು ಒತ್ತಾಯಿಸುವುದು ಮಾತ್ರ ಬೇಡ, ಬೇಡದ ಕಡೆ ಹಾಕಿದರೆ ಅದರದೇ ತೊಂದರೆಗಳಿವೆ.

ಹಾಕಿಸಿಕೊಳ್ಳಲು ಹೋಗುವವರಿಗೆ ನಾನು ಹೇಳುವುದು ಇಷ್ಟು. ಡಬ್ಬಿಯನ್ನು ನಿಮ್ಮೆದುರೇ ಒಡೆಯಲು ಹೇಳಿ. ಹೊಸ ಸೂಜಿಯ ಪ್ಯಾಕೆಟ್ ತೋರಿಸಿದರೆ ಸಾಲದು, ಸಿರಿಂಜಿನ ಪೊಟ್ಟಣ ಮುಚ್ಚಿದ್ದದ್ದನ್ನು ನೋಡಿ. ಅವಧಿಯ ದಿನಾಂಕ ನೋಡಿ. ಹೆಚ್ಚಿನ ಡಬ್ಬಿಗಳಲ್ಲಿ ಲಾಟ್ ನಂಬರಿನ ಸ್ಟಿಕ್ಕರುಗಳಿರುತ್ತವೆ, ಒಂದು ನಿಮ್ಮ ಕಡತಕ್ಕೆ, ಒಂದು ನಿಮಗೆ. ಕೇಳಿ ಪಡೆದುಕೊಳ್ಳಿ. ಮುಗಿದ ಮೇಲೆ ಉಳಿದದ್ದನ್ನು ನಿಮ್ಮೆದುರೇ ಬಳಸಿದ ಸೂಜಿಗಳನ್ನು ಎಸೆಯುವ ಡಬ್ಬಕ್ಕೆ ಹಾಕಲು ಹೇಳಿ. ಕೇಳುವುದಕ್ಕೆ ಸಂಕೋಚ ಆಗುತ್ತದೆ, ನನಗೆ ಗೊತ್ತು. ಉಳಿದದ್ದನ್ನು ಮನೆಗೆ ಕೊಡಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಮಾತ್ರ ಕೇಳಬೇಡಿ. ಮನೆಯ ಫ್ರಿಜ್ಜಿಗೂ ಕ್ಲಿನಿಕ್ಕಿನ ಫ್ರಿಜ್ಜಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ಈಗಾಗಲೇ ಇಟ್ಟದ್ದನ್ನು ಹಾಕಿಸಿಕೊಂಡಿದ್ದರೆ ಗಾಬರಿ ಆಗಬೇಡಿ. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಚುಚ್ಚಿದ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳುಗಳಲ್ಲಿ ಹೊಸದಾಗಿ ಗಂಟು, ಕೆಂಪು, ಬಿಸಿ, ನೋವು, ಬಾವು ಕಂಡರೆ ತಿಕ್ಕಬೇಡಿ, ಹಿಂಡಬೇಡಿ, ಅದರ ಮೇಲೆ ಇನ್ನಷ್ಟು ಫಿಲ್ಲರ್ ಹಾಕಿಸಬೇಡಿ. ವೈದ್ಯರಿಗೆ ಇಟ್ಟ ಸಿರಿಂಜ್ ಎಂಬುದನ್ನು ಮುಚ್ಚಿಡದೆ ಹೇಳಿ. ಕೀವು ತೆಗೆದರೆ ಮೈಕೊಬ್ಯಾಕ್ಟೀರಿಯಾಕ್ಕೂ ಕಲ್ಚರ್ ಮಾಡುತ್ತೀರಾ ಎಂದು ಕೇಳಿ. ಸಿರಿಂಜ್ ಬೇರೆಯವರದ್ದಿರಬಹುದು ಎಂಬ ಅನುಮಾನ ಬಂದರೆ ಆ ದಿನವೇ ವೈದ್ಯರನ್ನು ನೋಡಿ. ಎಚ್ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳನ್ನೂ ಅವರು ಹೇಳಿದ ಅಂತರದಲ್ಲಿ ಮಾಡಿಸಿ. ಇನ್ನೊಂದು ಮಾತು, ಇದು ಸೋಂಕಿನದಲ್ಲ, ಆದರೂ ಹೇಳದೆ ಬಿಡಲಾರೆ. ಹೊಸದಾಗಲಿ ಹಳೆಯದಾಗಲಿ, ಚುಚ್ಚಿದ ಕೂಡಲೇ ಅಥವಾ ಕೆಲವು ಗಂಟೆಗಳಲ್ಲಿ ಚರ್ಮ ಬಿಳಚಿದರೆ, ಬಲೆಯಂತೆ ನೀಲಿಗಟ್ಟಿದರೆ, ವಿಪರೀತ ನೋವಾದರೆ, ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬೇಡಿ. ಜೆಲ್ ರಕ್ತನಾಳವನ್ನು ಮುಚ್ಚಿರಬಹುದು.

ಮಾತ್ರೆಗಳು ಮುಗಿದು ಎಂಟು ತಿಂಗಳಾಯಿತು. ಹೋದ ವಾರ ತಂಗಿ ಕೇಳಿದಳು, "ಅಕ್ಕ, ಮತ್ತೆ ಹಾಕಿಸ್ಕೊಬಹುದಾ ನಾನು?" ಈ ಸಲ ನಾನು ಕೂಡಲೇ ಏನೂ ಹೇಳಲಿಲ್ಲ. ಇಬ್ಬರೂ ಚರ್ಮತಜ್ಞರ ಹತ್ತಿರ ಹೋದೆವು. ಇನ್ನೂ ಒಂದಷ್ಟು ಕಾಲ ಬೇಡ, ಆ ಜಾಗ ಪೂರ್ತಿ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ಯೋಚಿಸೋಣ, ಗುಳಿಗಳಿಗೆ ಫಿಲ್ಲರ್ ಒಂದೇ ದಾರಿಯಲ್ಲ ಎಂದರು. ಹೊರಗೆ ಬಂದಾಗ ತಂಗಿ ಬೇಸರದಲ್ಲಿ ಇರಲಿಲ್ಲ. ಹಾಕಿಸಿಕೊಳ್ಳುವುದಾದರೆ ನಾನೂ ಜೊತೆಗೆ ಬರುತ್ತೇನೆ, ಡಬ್ಬಿ ಒಡೆಯುವಾಗ ಪಕ್ಕದಲ್ಲಿ ನಿಂತಿರುತ್ತೇನೆ ಎಂದೆ. "ಆ ಗೆರೆ ಹೊಡೆದ 2 ನೋಡೋಕಾ?" ಅಂದಳು. ಹೌದು, ಅದನ್ನು ನೋಡುವುದಕ್ಕೇ.